ಡಿಎಕ್ಸ್7 ಸಾಫ್ಟ್‌ವೇರ್‌ನಲ್ಲಿ ಆ ಹಳೇ ಪಿಯಾನೋ ಸದ್ದು ಯಾಕೆ ಬರುತ್ತಿಲ್ಲ?

ಪ್ರಶ್ನೆ: ಯಮಾಹಾ ಡಿಎಕ್ಸ್7 ಅನ್ನುವ ಹಳೇ ಸಿಂಥಸೈಜರ್‌ನ (ಎಲೆಕ್ಟ್ರಾನಿಕ್ ಕೀಬೋರ್ಡ್ ವಾದ್ಯ) ಸದ್ದು ಬೇಕು ಅಂತ, ಅದನ್ನು ನಕಲು ಮಾಡುವ ಡೆಕ್ಸೆಡ್ ಸಾಫ್ಟ್‌ವೇರನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡೆ. ಒರಿಜಿನಲ್ ಪ್ಯಾಚ್‌ಗಳನ್ನೇ (ಒಂದೊಂದು ಸದ್ದಿನ ಸಿದ್ಧ ಸೆಟ್ಟಿಂಗ್‌ಗಳು) ಲೋಡ್ ಮಾಡಿದ್ದೇನೆ. ಆದರೂ ಎಂಬತ್ತರ ದಶಕದ ಹಾಡುಗಳಲ್ಲಿ ಕೇಳುವ ಆ ಎಲೆಕ್ಟ್ರಿಕ್ ಪಿಯಾನೋ ಬರುತ್ತಿಲ್ಲ. ಕಿವಿಗೆ ಚುಚ್ಚಿದ ಹಾಗಿದೆ. ತಪ್ಪು ಸಾಫ್ಟ್‌ವೇರ್‌ನದಾ, ನನ್ನದಾ?

ಉತ್ತರ: ಬಹುಪಾಲು ಸಲ ತಪ್ಪು ಸಾಫ್ಟ್‌ವೇರ್‌ನ ಲೆಕ್ಕದಲ್ಲಿ ಇರುವುದಿಲ್ಲ. ನಿಮ್ಮ ಕೀಬೋರ್ಡ್ ಅದಕ್ಕೆ ಕಳಿಸುವ ವೆಲಾಸಿಟಿಯಲ್ಲಿ ಇರುತ್ತದೆ. ಅಂದರೆ, ಕೀ ಎಷ್ಟು ಜೋರಾಗಿ ಒತ್ತಿದಿರಿ ಅನ್ನುವ ಸಂಖ್ಯೆಯಲ್ಲಿ. ಎಂಜಿನ್ (ಸಾಫ್ಟ್‌ವೇರ್ ಒಳಗೆ ಸದ್ದನ್ನು ಲೆಕ್ಕ ಹಾಕುವ ಭಾಗ) ಬದಲಿಸುವುದು, ಇನ್ನೊಂದು ಪ್ಲಗಿನ್ (ಇಂಥದ್ದೇ ವಾದ್ಯದ ಸಾಫ್ಟ್‌ವೇರ್) ಕೊಳ್ಳುವುದು ಎಲ್ಲ ಆಮೇಲೆ.

ಇಷ್ಟು ಧೈರ್ಯವಾಗಿ ಹೇಳಲು ಕಾರಣ ಇದೆ. 1983ರಲ್ಲಿ ಬಂದ ಡಿಎಕ್ಸ್7 ಅನಲಾಗ್ ಸಿಂಥ್ (ವಿದ್ಯುತ್ ಸರ್ಕ್ಯೂಟ್‌ಗಳಿಂದಲೇ ಸದ್ದು ಹುಟ್ಟಿಸುವ ಸಿಂಥಸೈಜರ್) ಅಲ್ಲ. ಅನಲಾಗ್ ಸಿಂಥ್‌ನಲ್ಲಿ ಒಂದು ಪೀಸ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ, ಬಿಸಿಯಾದರೆ ಶ್ರುತಿಯೂ ಜಾರುತ್ತದೆ. ಅದನ್ನು ಸಾಫ್ಟ್‌ವೇರ್‌ನಲ್ಲಿ ಹಿಡಿಯುವುದು ನಿಜಕ್ಕೂ ಕಷ್ಟ. ಡಿಎಕ್ಸ್7 ಒಳಗೆ ನಡೆಯುವುದು ಬರೀ ಲೆಕ್ಕ. ಸ್ಟ್ಯಾನ್‌ಫರ್ಡ್‌ನಲ್ಲಿ ಸಂಗೀತ ಸಂಯೋಜಕ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಎಫ್ಎಂ (ಫ್ರೀಕ್ವೆನ್ಸಿ ಮಾಡ್ಯುಲೇಶನ್) ವಿಧಾನ ಅದರ ಅಡಿಪಾಯ. ಒಂದು ಸೈನ್ ತರಂಗ ಇನ್ನೊಂದನ್ನು ವೇಗವಾಗಿ ಅಲುಗಿಸುತ್ತದೆ, ಅದರಿಂದ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಇಂಥ ಒಂದು ತರಂಗ ಹುಟ್ಟಿಸುವ ಘಟಕವೇ ಆಪರೇಟರ್. ಒಂದೊಂದು ನೋಟ್‌ಗೆ ಇಂಥವು 6. ಒಟ್ಟಿಗೆ 16 ನೋಟ್ ನುಡಿಸಬಹುದು, ಹಾಗಾಗಿ 96 ಆಪರೇಟರ್‌ಗಳ ಲೆಕ್ಕವನ್ನು ಒಂದೇ ಚಿಪ್ ಸರದಿಯಂತೆ ಮಾಡುತ್ತದೆ. 2021ರಲ್ಲಿ, ಹಳೇ ಚಿಪ್‌ಗಳ ಒಳಗನ್ನು ಅಧ್ಯಯನ ಮಾಡುವ ಕೆನ್ ಶಿರಿಫ್ ಆ ಚಿಪ್ಪನ್ನು ಬಿಚ್ಚಿ, ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆದು, ಒಳಗಿನ ಸೈನ್ ಕೋಷ್ಟಕವನ್ನೇ ಓದಿ ತೋರಿಸಿದರು. ಇಷ್ಟು ಬಯಲಾಗಿರುವ ಯಂತ್ರದ ನಕಲು ಪೂರಾ ಬೇರೆ ಥರ ಕೇಳಿಸಿತು ಅಂದರೆ, ಕಾರಣ ಹೊರಗೆಲ್ಲೋ ಇದೆ.

ಈಗ ವೆಲಾಸಿಟಿಗೆ ಬರೋಣ. ಒಮ್ಮೆ ಗೆಳೆಯರೊಬ್ಬರ ಮನೆಯಲ್ಲಿ ಅಸಲಿ ಡಿಎಕ್ಸ್7ನ ಮಿಡಿ ಔಟ್ (ನುಡಿಸಿದ್ದನ್ನು ಸಂಖ್ಯೆಗಳಾಗಿ ಹೊರಗೆ ಕಳಿಸುವ ಕಿಂಡಿ) ಅನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಬರುವ ಸಂಖ್ಯೆಗಳನ್ನು ನೋಡುತ್ತಾ ಕುಳಿತಿದ್ದೆ. ಮಿಡಿಯಲ್ಲಿ ವೆಲಾಸಿಟಿ 127ರವರೆಗೆ ಹೋಗಬಹುದು. ನಾನು ಎಷ್ಟು ಕುಟ್ಟಿದರೂ ಸಂಖ್ಯೆ 100ರ ಆಸುಪಾಸಿನಲ್ಲೇ ನಿಂತುಬಿಡುತ್ತಿತ್ತು. ಅದೇ ಮೇಜಿನ ಮೇಲಿದ್ದ ಹೊಸ ಪುಟ್ಟ ಕೀಬೋರ್ಡ್‌ನಲ್ಲಿ ಮಾಮೂಲಾಗಿ ನುಡಿಸಿದರೂ 115, 120 ಸಲೀಸಾಗಿ ಬಂತು. ಮೊದಲ ಮಾದರಿಯ ಡಿಎಕ್ಸ್7ನ ಕೀಬೋರ್ಡ್ ಇರುವುದೇ ಹಾಗೆ. ಅದರ ಪ್ಯಾಚ್‌ಗಳನ್ನು ಮಾಡಿದವರು ಆ ಕೀಗಳ ಮೇಲೆ ಬೆರಳಿಟ್ಟು, ಆ 100ರ ಒಳಗೇ ಕೇಳಿ ಕೇಳಿ ಹದ ಮಾಡಿದವರು.

ಬೇರೆ ವಾದ್ಯವಾಗಿದ್ದರೆ 100ರ ಬದಲು 127 ಬಂದರೆ ಸದ್ದು ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ. ಎಫ್ಎಂನಲ್ಲಿ ಹಾಗಲ್ಲ. ನೀವು ಹುಡುಕುತ್ತಿರುವ ಎಲೆಕ್ಟ್ರಿಕ್ ಪಿಯಾನೋದ ಇ.ಪಿಯಾನೋ 1 ಪ್ಯಾಚನ್ನೇ ತೆರೆದು ನೋಡಿ. ಅದು 5ನೇ ಅಲ್ಗಾರಿದಮ್, ಅಂದರೆ ಆಪರೇಟರ್‌ಗಳನ್ನು ಜೋಡಿಸುವ 5ನೇ ಮಾದರಿ. ಆರು ಆಪರೇಟರ್‌ಗಳು ಮೂರು ಜೋಡಿಯಾಗಿ ನಿಂತಿವೆ. ಅದರಲ್ಲಿ 2ನೇ ಆಪರೇಟರ್‌ನ ಅನುಪಾತ 14. ಅಂದರೆ ನುಡಿಸಿದ ಸ್ವರದ 14 ಪಟ್ಟು ವೇಗದಲ್ಲಿ ಅದು 1ನೇ ಆಪರೇಟರ್ ಅನ್ನು ಅಲುಗಿಸುತ್ತದೆ. ಸ್ವರ ಶುರುವಾಗುವಾಗ ಕೇಳುವ ಆ 'ಟಿಂಗ್' ಬರುವುದು ಇಲ್ಲಿಂದ. ನೀವು ಜೋರಾಗಿ ಒತ್ತಿದಷ್ಟೂ ಅಲುಗಾಟ ಜಾಸ್ತಿ, ಟಿಂಗ್ ಜಾಸ್ತಿ. 127ಕ್ಕೆ ಹೋದಾಗ ಸ್ಟೀಲ್ ತಟ್ಟೆಗೆ ಚಮಚ ಬಡಿದ ಹಾಗಾಗುತ್ತದೆ. ನಿಮಗೆ ಚುಚ್ಚುತ್ತಿರುವುದು ಇದೇ ಅಂತ ನನ್ನ ಅಂದಾಜು.

ಸಂದೇಹ ಇದ್ದರೆ ಹೀಗೆ ಮಾಡಿ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ನಡುವಿನ ಸಿ ಸ್ವರವನ್ನು ಮೌಸ್‌ನಲ್ಲಿ ಮೂರು ಸಲ ಬರೆಯಿರಿ. ವೆಲಾಸಿಟಿ 60, 100, 127. ಹೆಡ್‌ಫೋನ್ ಹಾಕಿ ಕೇಳಿ. ಮೂರನೆಯದು ಬೇರೆ ವಾದ್ಯವೇನೋ ಅನ್ನಿಸುತ್ತದೆ. ಆಮೇಲೆ ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ವೆಲಾಸಿಟಿ ಕರ್ವ್‌ನಲ್ಲಿ (ಬಂದ ವೆಲಾಸಿಟಿಯನ್ನು ಬೇರೆ ಸಂಖ್ಯೆಗೆ ಬದಲಿಸುವ ಗೆರೆ) 127 ಬಂದರೆ 100 ಆಗುವ ಹಾಗೆ ಇಡೀ ಗೆರೆಯನ್ನು ತಗ್ಗಿಸಿ. 100ಕ್ಕೆ ಸುಮ್ನೆ ಕತ್ತರಿಸಬೇಡಿ. ಕತ್ತರಿಸಿದರೆ ಜೋರಾಗಿ ನುಡಿಸಿದ್ದೆಲ್ಲ ಒಂದೇ ಮಟ್ಟಕ್ಕೆ ಬಂದು ನುಡಿಸಾಣಿಕೆಯ ಏರಿಳಿತ ಸತ್ತುಹೋಗುತ್ತದೆ.

ಇನ್ನೊಂದು ದೂರು ಇದರ ಜೊತೆಗೇ ಬರುತ್ತದೆ: ಕೀಬೋರ್ಡ್ ಪಕ್ಕದ ಮಾಡ್ಯುಲೇಶನ್ ವೀಲ್ ತಿರುಗಿಸಿದರೂ ವೈಬ್ರಾಟೋ (ಸ್ವರದ ಕಂಪನ) ಬರಲ್ಲ. ಮೊದಲ ಡಿಎಕ್ಸ್7ನಲ್ಲಿ ವೀಲ್ ಏನು ಮಾಡಬೇಕು, ಪಿಚ್ ಬೆಂಡ್ (ಸ್ವರವನ್ನು ಮೇಲೆ ಕೆಳಗೆ ಜಾರಿಸುವುದು) ಎಷ್ಟು ದೂರ ಹೋಗಬೇಕು ಅನ್ನುವುದು ಪ್ಯಾಚ್ ಒಳಗೆ ಇರುತ್ತಿರಲಿಲ್ಲ. ಇಡೀ ಯಂತ್ರಕ್ಕೆ ಒಂದೇ ಸೆಟ್ಟಿಂಗ್. ಹಾಗಾಗಿ ಪ್ಯಾಚ್ ಫೈಲ್ ಲೋಡ್ ಮಾಡಿದಾಗ ಅದು ಜೊತೆಗೆ ಬರುವುದಿಲ್ಲ. ವೀಲ್‌ನ ರೇಂಜ್ ಹೆಚ್ಚಿಸಿ, ಪಿಚ್ ಆನ್ ಮಾಡಿ. ಆದರೂ ಬರಲಿಲ್ಲ ಅಂದರೆ ಪ್ಯಾಚ್‌ನ ಪಿಚ್ ಮಾಡ್ಯುಲೇಶನ್ ಸೆನ್ಸಿಟಿವಿಟಿ 0 ಇರಬಹುದು, ಅದನ್ನು 2 ಅಥವಾ 3ಕ್ಕೆ ತನ್ನಿ.

ಪ್ಯಾಚ್ ಲೋಡ್ ಮಾಡಿದಾಗ ಬರೀ ಗದ್ದಲ ಬಂದರೆ ಫೈಲನ್ನೇ ಅನುಮಾನಿಸಿ. 32 ಪ್ಯಾಚ್‌ಗಳ ಸಿಸೆಕ್ಸ್ ಫೈಲ್ (ಪ್ಯಾಚ್‌ಗಳನ್ನು ಮಿಡಿ ಮೂಲಕ ಸಾಗಿಸುವ ರೂಪ) ಸರಿಯಾಗಿ 4,104 ಬೈಟ್ ಇರಬೇಕು: ಮುಂದೆ 6 ಬೈಟ್ ಹೆಡರ್, ನಡುವೆ 4,096 ಬೈಟ್ ಪ್ಯಾಚ್, ಕೊನೆಗೆ ಒಂದು ಚೆಕ್‌ಸಮ್ (ತಾಳೆ ನೋಡುವ ಬೈಟ್), ಒಂದು ಮುಕ್ತಾಯದ ಬೈಟ್. ಇಲ್ಲೊಂದು ಮೋಸವಿದೆ. ಯಮಾಹಾದ 4 ಆಪರೇಟರ್ ಸಿಂಥ್‌ಗಳ ಫೈಲ್ ಕೂಡ ಇಷ್ಟೇ ಉದ್ದ. ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟ್‌ಗಳನ್ನು ತೋರಿಸುವ ಸಾಫ್ಟ್‌ವೇರ್) ನಾಲ್ಕನೇ ಬೈಟ್ ನೋಡಿ. 09 ಇದ್ದರೆ ಡಿಎಕ್ಸ್7ದು, 04 ಇದ್ದರೆ 4 ಆಪರೇಟರ್‌ನದು.

ಇಷ್ಟೆಲ್ಲ ಸರಿಯಾದ ಮೇಲೆ ಎಂಜಿನ್ ಕಡೆ ತಿರುಗಿ. ಡೆಕ್ಸೆಡ್‌ನಲ್ಲಿ ಮೂರು ಎಂಜಿನ್ ಇವೆ. ಮಾಡರ್ನ್ ಅನ್ನುವುದು 24 ಬಿಟ್ ಲೆಕ್ಕ, ತುಂಬಾ ಶುಭ್ರ. ಓಪಿಎಲ್ ಸೀರೀಸ್ ಪ್ರಯೋಗಕ್ಕೆ ಇಟ್ಟದ್ದು. ಅಸಲಿಗೆ ಹತ್ತಿರ ಇರಲಿ ಅಂತ ಮಾಡಿದ್ದು ಮಾರ್ಕ್ 1. ಅದನ್ನೇ ಆರಿಸಿ. ವ್ಯತ್ಯಾಸ ಎದ್ದು ಕಾಣುವುದು ಸ್ವರ ಆರುತ್ತಾ ಹೋಗುವ ಬಾಲದಲ್ಲಿ. ಮೊದಲ ಡಿಎಕ್ಸ್7ನಲ್ಲಿ ಇದ್ದದ್ದು 12 ಬಿಟ್ ಡಿಎಸಿ (ಸಂಖ್ಯೆಗಳನ್ನು ಸದ್ದಿನ ಸಂಕೇತವಾಗಿಸುವ ಭಾಗ). ಸದ್ದಿನ ಮಟ್ಟಕ್ಕೆ ತಕ್ಕಂತೆ ಅಳತೆಗೋಲು ಬದಲಿಸಿಕೊಂಡು ಕೆಲಸ ಮಾಡುತ್ತಿತ್ತು. ಹಾಗಾಗಿ ಸ್ವರದ ಬಾಲದಲ್ಲಿ ಸಣ್ಣ ಮರಳಿನಂಥ ಒರಟು ಇರುತ್ತದೆ. 1987ರ ಡಿಎಕ್ಸ್7 2ರಲ್ಲಿ 16 ಬಿಟ್ ಬಂತು, ಒರಟು ಹೋಯಿತು. ನನಗಂತೂ ಆ ಒರಟು ಇಷ್ಟ.

ಸ್ಯಾಂಪಲ್ ರೇಟ್ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಲೆಕ್ಕ ಹಾಕುತ್ತದೆ ಅನ್ನುವ ಸಂಖ್ಯೆ) ಕೂಡ ನೋಡಿ. ಅಸಲಿ ಯಂತ್ರ ಓಡುವುದು ಸುಮಾರು 49,096 ಹರ್ಟ್ಜ್‌ನಲ್ಲಿ. ಅದರ 61 ಕೀಗಳಲ್ಲಿ ಕೊನೆಯ ಸಿ ಸುಮಾರು 2,093 ಹರ್ಟ್ಜ್. 14 ಅನುಪಾತದ ಆಪರೇಟರ್ ಅದನ್ನು ಅಲುಗಿಸಿದಾಗ ಮೊದಲಿಗೆ ಹುಟ್ಟುವ ಎರಡು ಸ್ವರಾಂಶಗಳಲ್ಲಿ ಮೇಲಿನದು 31,395 ಹರ್ಟ್ಜ್. ಸ್ಯಾಂಪಲ್ ರೇಟ್‌ನ ಅರ್ಧಕ್ಕಿಂತ ಮೇಲೆ ಜಾಗ ಇಲ್ಲ, ಹಾಗಾಗಿ ಅದು ಮಡಿಚಿಕೊಂಡು ಕೆಳಗೆ ಬರುತ್ತದೆ. ಅಸಲಿಯಲ್ಲಿ ಅದು ಬಂದು ಕೂರುವುದು 17,701ರಲ್ಲಿ. ನಡುವಯಸ್ಸಿನ ಬಹಳಷ್ಟು ಜನರಿಗೆ ಅದು ಕೇಳಿಸುವುದೂ ಇಲ್ಲ. ನಿಮ್ಮ ಪ್ರಾಜೆಕ್ಟ್ 44,100ರಲ್ಲಿ ಇದ್ದರೆ ಅದೇ ಅಂಶ 12,705ಕ್ಕೆ ಇಳಿಯುತ್ತದೆ. ಅದು ಚೆನ್ನಾಗಿಯೇ ಕೇಳುತ್ತದೆ, ಶ್ರುತಿಗೂ ಸೇರುವುದಿಲ್ಲ. 48,000ಕ್ಕೆ ಬದಲಿಸಿದರೆ 16,605. ಅಸಲಿಗೆ ಇದು ಹತ್ತಿರ. ಮೇಲಿನ ಸ್ವರಗಳಲ್ಲಿ ಮಾತ್ರ ಕರ್ಕಶ ಇದೆ ಅನ್ನುವವರು ಇದನ್ನೇ ಮೊದಲು ಮಾಡಿ.

ತಾವೇ ಇಂಥ ಎಮ್ಯುಲೇಟರ್ (ಯಂತ್ರವನ್ನು ನಕಲು ಮಾಡುವ ಸಾಫ್ಟ್‌ವೇರ್) ಬರೆಯುತ್ತಿರುವ ಓದುಗರೂ ಇದ್ದಾರೆ. ಅವರಿಗೆ ಎರಡು ಮಾತು. ಫೀಡ್‌ಬ್ಯಾಕ್‌ನಲ್ಲಿ (ಆಪರೇಟರ್‌ನಿಂದ ಬಂದದ್ದನ್ನು ಮತ್ತೆ ಒಳಕ್ಕೆ ಕೊಡುವುದು) ಹಿಂದಿನ ಒಂದೇ ಸ್ಯಾಂಪಲ್ ಬಳಸಬೇಡಿ, ಹಿಂದಿನ ಎರಡರ ಸರಾಸರಿ ಬಳಸಿ. ಇಲ್ಲದಿದ್ದರೆ ಫೀಡ್‌ಬ್ಯಾಕ್ ಏರಿಸಿದ ಕೂಡಲೇ ಬರಬಾರದ ಗಲಾಟೆ ಶುರುವಾಗುತ್ತದೆ. ಮತ್ತೆ, 4 ಮತ್ತು 6ನೇ ಅಲ್ಗಾರಿದಮ್‌ಗಳಲ್ಲಿ ಫೀಡ್‌ಬ್ಯಾಕ್ ಒಂದೇ ಆಪರೇಟರ್ ಸುತ್ತ ಇಲ್ಲ. 4ರಲ್ಲಿ ಮೂರು ಆಪರೇಟರ್ ದಾಟಿ, 6ರಲ್ಲಿ ಎರಡು ದಾಟಿ ಹಿಂದಿರುಗುತ್ತದೆ.

ಈಗ ಪ್ರಶ್ನೆಯ ಇನ್ನೊಂದು ಭಾಗ. "ಹಾಡುಗಳಲ್ಲಿ ಕೇಳುವ" ಅಂದಿರಿ ಅಲ್ವಾ? ಹಾಡಿನಲ್ಲಿ ಕೇಳುವುದು ಬರೀ ಡಿಎಕ್ಸ್7 ಅಲ್ಲ. ಅದರಲ್ಲಿ ಇದ್ದದ್ದು ಮೊನೋ ಔಟ್‌ಪುಟ್, ಒಂದೂ ಎಫೆಕ್ಟ್ ಇರಲಿಲ್ಲ. ಎಡಬಲಕ್ಕೆ ಹರಡಿಕೊಂಡು ತೇಲುವ ಆ ಮೃದುತನ ಕೊಟ್ಟದ್ದು ಸ್ಟುಡಿಯೋದ ಕೋರಸ್ (ಒಂದೇ ಸದ್ದನ್ನು ಹಲವು ಸೇರಿದಂತೆ ಕೇಳಿಸುವ ಎಫೆಕ್ಟ್), ರಿವರ್ಬ್ (ಕೋಣೆಯ ಅನುರಣನ), ಆಮೇಲೆ ರೆಕಾರ್ಡಿಂಗ್ ಟೇಪ್. ಅಸಲಿ ಡಿಎಕ್ಸ್7 ತಂದು ನೇರ ಸ್ಪೀಕರ್‌ಗೆ ಸಿಕ್ಕಿಸಿದರೂ ನಿಮಗೆ ಆ ಹಾಡಿನ ಸದ್ದು ಸಿಗುವುದಿಲ್ಲ. ಸಾಫ್ಟ್‌ವೇರ್‌ನಿಂದ ಬರುವ ಸದ್ದಿಗೆ ಒಂದು ನಿಧಾನದ ಸ್ಟೀರಿಯೋ ಕೋರಸ್ ಹಾಕಿ, ತುಸು ಟೇಪ್ ಎಫೆಕ್ಟ್ ಸೇರಿಸಿ, ಎರಡೇ ಸ್ವರ ನುಡಿಸಿ ನೋಡಿ.

ಇಷ್ಟಾದ ಮೇಲೂ ವ್ಯತ್ಯಾಸ ಇದೆ ಅನ್ನಿಸಿದರೆ, ನೆನಪಿನ ಜೊತೆ ಹೋಲಿಸಬೇಡಿ. ಅಸಲಿ ಯಂತ್ರದ ಎಫೆಕ್ಟ್ ಇಲ್ಲದ ಒಂದು ಸ್ವರದ ರೆಕಾರ್ಡಿಂಗ್ ಸಂಪಾದಿಸಿ. ಸಾಫ್ಟ್‌ವೇರ್‌ನಲ್ಲಿ ಅದೇ ಪ್ಯಾಚ್, ಅದೇ ಸ್ವರ, ಅದೇ ವೆಲಾಸಿಟಿ ಇಡಿ. ಎರಡೂ ಕಡೆ ಎಲ್‌ಎಫ್‌ಓ (ಸ್ವರವನ್ನು ನಿಧಾನವಾಗಿ ಅಲುಗಿಸುವ ಘಟಕ) ಸೊನ್ನೆ ಇರಲಿ, ಆಸಿಲೇಟರ್ ಕೀ ಸಿಂಕ್ ಆನ್ ಇರಲಿ. ಇಲ್ಲದಿದ್ದರೆ ಒತ್ತಿದಾಗಲೆಲ್ಲ ತರಂಗ ಬೇರೆ ಜಾಗದಿಂದ ಶುರುವಾಗಿ ಹೋಲಿಕೆಯೇ ಆಗುವುದಿಲ್ಲ. ಜೋರನ್ನು ಸಮ ಮಾಡಿಕೊಂಡು, ಯಾವುದು ಯಾವುದೆಂದು ನೋಡದೆ ಕೇಳಿ. ಆಗಲೂ ಬೇರೆ ಕೇಳಿದರೆ ಅದು ನಿಜವಾದ ದೋಷ. ಡೆಕ್ಸೆಡ್ ಓಪನ್ ಸೋರ್ಸ್. ಎರಡೂ ವೇವ್ ಫೈಲ್, ಪ್ಯಾಚ್, ವೆಲಾಸಿಟಿ, ಸ್ಯಾಂಪಲ್ ರೇಟ್ ಇಷ್ಟನ್ನೂ ಬರೆದು ಅದನ್ನು ನೋಡಿಕೊಳ್ಳುವವರಿಗೆ ಕಳಿಸಿ.