ಪೋಲಿಷ್ ಸೌತೆಕಾಯಿಗೆ ವಿನೆಗರ್ ಎಷ್ಟು ಹಾಕಬೇಕು?

ಪ್ರಶ್ನೆ: ಪೋಲೆಂಡಿನ ಕ್ರಮದಲ್ಲಿ ಸೌತೆಕಾಯಿಯನ್ನು ಉಪ್ಪುನೀರಿನಲ್ಲಿ ಹಾಕುವಾಗ 1 ಲೀಟರ್ ನೀರಿಗೆ ಎಷ್ಟು ವಿನೆಗರ್ ಬೇಕು?

ಉತ್ತರ: ಬೇಡ. ಇದೇ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೆ ಎಂಬ ಲೆಕ್ಕ ನನಗೇ ತಪ್ಪಿದೆ. ಆದರೂ ‘ಒಂದೆರಡು ಚಮಚವಾದರೂ ಹಾಕದಿದ್ದರೆ ಕೆಡುವುದಿಲ್ಲವೇ’ ಎಂಬ ಮರುಪ್ರಶ್ನೆ ಪ್ರತಿ ಬಾರಿಯೂ ಬರುವುದರಿಂದ ಈ ಸಲ ಕೊಂಚ ವಿಸ್ತಾರವಾಗಿಯೇ ಹೇಳುತ್ತೇನೆ.

ಪೋಲೆಂಡಿನಲ್ಲಿ ಇವು ಎರಡು ಬೇರೆ ಪದಾರ್ಥಗಳು, ಹೆಸರೂ ಎರಡು. ಉಪ್ಪುನೀರಿನಲ್ಲಿ ತಾನಾಗಿಯೇ ಹುಳಿ ಬಂದದ್ದು ‘ಒಗುರ್ಕಿ ಕಿಶೊನೆ’. ವಿನೆಗರ್, ಸಕ್ಕರೆ ಬೆರೆಸಿದ ನೀರನ್ನು ಸುರಿದು ಬಾಟಲಿಯಲ್ಲಿ ಮುಚ್ಚಿಟ್ಟದ್ದು ‘ಒಗುರ್ಕಿ ಕೊನ್ಸೆರ್ವೊವೆ’. ನಮ್ಮಲ್ಲಿ ಗೊಂದಲ ಹುಟ್ಟಿದ್ದಕ್ಕೆ ಕಾರಣವಿಲ್ಲದಿಲ್ಲ. 1990ರ ದಶಕದ ಆರಂಭದಿಂದ ಕರ್ನಾಟಕದಲ್ಲಿ ರಫ್ತಿಗಾಗಿ ಮಿಡಿಸೌತೆ ಬೆಳೆಯುತ್ತಿದ್ದಾರೆ. ಆದರೆ ಅಂಗಡಿಯಲ್ಲಿ ನಮ್ಮ ಕೈಗೆ ಸಿಗುವ ಬಾಟಲಿಗಳು ಸಾಮಾನ್ಯವಾಗಿ ವಿನೆಗರಿನವೇ ಆದ್ದರಿಂದ, ಹುಳಿ ಎಂದರೆ ಅದೇ ಎಂದು ನಾಲಿಗೆ ನಂಬಿಬಿಟ್ಟಿದೆ.

ಹಾಗಾದರೆ ಹುಳಿ ಎಲ್ಲಿಂದ ಬರುತ್ತದೆ? ಸೌತೆಯ ಸಿಪ್ಪೆಯ ಮೇಲೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಮೊದಲೇ ಇರುತ್ತವೆ. ಕೊಳೆಸುವ ಜೀವಿಗಳನ್ನು ಉಪ್ಪು ಹಿಮ್ಮೆಟ್ಟಿಸುತ್ತದೆ. ಉಪ್ಪನ್ನು ತಾಳಬಲ್ಲ ಇವು ಕಾಯಿಯೊಳಗಿನ ಸಕ್ಕರೆಯನ್ನು ತಿಂದು ಆಮ್ಲವಾಗಿಸುತ್ತವೆ, ಆ ಆಮ್ಲವೇ ಮುಂದೆ ಕಾಯಿಯನ್ನು ಕಾಯುತ್ತದೆ. ತರಕಾರಿ ಹುದುಗುವ ಮೊದಲ ಹಂತದಲ್ಲಿ ದುಡಿಯುವ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಹೌದು. ಇಡ್ಲಿ ಹಿಟ್ಟಿಗೆ ವಿನೆಗರ್ ಎಷ್ಟು ಎಂದು ಈವರೆಗೆ ಯಾರೂ ನನ್ನನ್ನು ಕೇಳಿಲ್ಲ.

ಒಂದೆರಡು ಚಮಚ ಹಾಕಿದರೆ ಹುದುಗುವುದು ನಿಂತೇಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಕೆಲವು ವಿಧಾನಗಳಲ್ಲಿ ಆರಂಭದಲ್ಲಿ ತುಸು ಹಾಕುವುದೂ ಉಂಟು. ಆದರೆ ಅಷ್ಟರಿಂದಲೇ ಕಾಯಿ ಉಳಿಯುತ್ತದೆ ಎಂಬುದು ಭ್ರಮೆ. ಅದನ್ನು ಉಳಿಸುವಷ್ಟು ವಿನೆಗರ್ ಸುರಿದರೆ ಬ್ಯಾಕ್ಟೀರಿಯಾ ಸುಮ್ಮನಾಗುತ್ತವೆ, ಆಗ ನೀವು ಮಾಡಿದ್ದು ಕಿಶೊನೆ ಅಲ್ಲ.

ವಿನೆಗರಿನ ಬಾಟಲಿಗೆ ಕೈ ಹೋಗುವುದು ಸಾಮಾನ್ಯವಾಗಿ ಎರಡು ಮೂರನೆಯ ದಿನ, ನೀರು ಕದಡಿ ಗುಳ್ಳೆ ಏಳತೊಡಗಿದಾಗ. ಕದಡುವುದು ಕೆಡುವ ಲಕ್ಷಣವಲ್ಲ, ಕೆಲಸ ನಡೆಯುತ್ತಿರುವುದರ ಗುರುತು. ಮೇಲೆ ತೆಳುವಾದ ಬಿಳಿ ಪೊರೆ ಕಟ್ಟಿದರೆ ತೆಗೆದುಹಾಕಿದರಾಯಿತು. ರೋಮದಂತಹ ಬಣ್ಣದ ಬೂಷ್ಟು, ಲೋಳೆ ಅಥವಾ ಕೊಳೆತ ವಾಸನೆ ಕಂಡರೆ ಮಾತ್ರ ಎಲ್ಲವನ್ನೂ ಚೆಲ್ಲಿರಿ.

ವಿಧಾನ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಅಲ್ಲಿನ ಮನೆಗಳಲ್ಲಿ 1 ಲೀಟರ್ ನೀರಿಗೆ ದಿಬ್ಬದಂತೆ ತುಂಬಿದ 1 ದೊಡ್ಡ ಚಮಚ ಉಪ್ಪು ಹಾಕುತ್ತಾರೆ, ಅಂದರೆ ಸುಮಾರು 30 ಗ್ರಾಂ. ನಮ್ಮ ಸೆಕೆಗೆ 40 ಗ್ರಾಂ ಇರಲಿ. ಎಳೆಯ, ಗಟ್ಟಿ ಕಾಯಿಗಳನ್ನೇ ಆರಿಸಿ, ಹೂವಿದ್ದ ತುದಿಯನ್ನು ಚೂರು ಕತ್ತರಿಸಿ ತೆಗೆಯಿರಿ, ಏಕೆಂದರೆ ಕಾಯಿಯನ್ನು ಮೆತ್ತಗಾಗಿಸುವ ಕಿಣ್ವ ಇರುವುದು ಅಲ್ಲಿ. ಬೆಳ್ಳುಳ್ಳಿಯ ಜೊತೆಗೆ ಹೂಗೊಂಚಲು ಬಂದ ಸಬ್ಬಸಿಗೆಯ ದಂಟು ಹಾಕಿ. ಅಲ್ಲಿಯವರು ಹಾರ್ಸ್‌ರ‍್ಯಾಡಿಷ್ ಬೇರನ್ನೂ ಚೆರ್ರಿ ಅಥವಾ ಓಕ್ ಮರದ ಎಲೆಯನ್ನೂ ಸೇರಿಸುವುದು ಎಲೆಯ ಒಗರಿನಿಂದ ಕಾಯಿ ಗರಿಗರಿಯಾಗಿ ಉಳಿಯಲೆಂದು. ಕಾಯಿಗಳು ನೀರಿನಲ್ಲಿ ಪೂರ್ತಿ ಮುಳುಗಿರಬೇಕು, ಮುಚ್ಚಳ ಬಿಗಿಯಾಗಿರಬಾರದು. ಬೆಂಗಳೂರಿನ ಹವೆಯಲ್ಲಿ ಎರಡು ಮೂರು ದಿನಕ್ಕೆ ಅರೆಹುಳಿಯ ‘ಮಾವೊಸೊಲ್ನೆ’ ಸಿದ್ಧವಾಗುತ್ತದೆ. ಪೂರ್ತಿ ಹುಳಿ ಬರಲು ಇನ್ನೂ ಕೆಲವು ದಿನ ಬಿಟ್ಟು, ನಂತರ ಫ್ರಿಜ್ಜಿನಲ್ಲಿಡಿ.

ಉಳಿದ ನೀರಿನ ಬಗ್ಗೆ ಯಾರೂ ಕೇಳುವುದಿಲ್ಲ, ನಿಜವಾಗಿ ಕೇಳಬೇಕಾದದ್ದು ಅದನ್ನೇ. ಪೋಲೆಂಡಿನಲ್ಲಿ ಅದನ್ನು ಚೆಲ್ಲದೆ, ತುರಿದ ಹುಳಿಸೌತೆಯೊಂದಿಗೆ ‘ಒಗುರ್ಕೊವಾ’ ಎಂಬ ಸೂಪಿಗೆ ಬಳಸುತ್ತಾರೆ. ಅದರಲ್ಲಿ ಆಲೂಗಡ್ಡೆ, ಕ್ಯಾರೆಟ್, ಕೊನೆಗೆ ಕೆನೆ ಮತ್ತು ಸಬ್ಬಸಿಗೆ ಇರುತ್ತವೆ. ಆಲೂಗಡ್ಡೆ ಪೂರ್ತಿ ಬೆಂದ ಮೇಲೆಯೇ ಹುಳಿಸೌತೆಯನ್ನೂ ನೀರನ್ನೂ ಹಾಕಬೇಕು, ಇಲ್ಲದಿದ್ದರೆ ಎಷ್ಟು ಕುದಿಸಿದರೂ ಹೋಳುಗಳು ಗಟ್ಟಿಯಾಗಿಯೇ ಉಳಿಯುತ್ತವೆ. ಬೇಳೆ ಬೇಯುವ ಮೊದಲೇ ಸಾರಿಗೆ ಹುಣಸೆಹುಳಿ ಹಿಂಡಿ ಪೇಚಿಗೆ ಸಿಕ್ಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.