ಊಟದ ದುಡ್ಡು ಕೊಟ್ಟ ಮೇಲೂ ಟಿಪ್ಸ್ ಯಾಕೆ?

ಪ್ರಶ್ನೆ: ಮಗಳು, ಅಳಿಯ ಟೆಕ್ಸಸ್‌ನಲ್ಲಿದ್ದಾರೆ. ಮುಂದಿನ ತಿಂಗಳು ನಾವಿಬ್ಬರೂ ಹೊರಟಿದ್ದೇವೆ. ಅಲ್ಲಿ ಹೋಟೆಲಿನಲ್ಲಿ ಉಂಡರೆ ಬಿಲ್ಲಿಗೆ ನೂರಕ್ಕೆ ಇಪ್ಪತ್ತರಂತೆ ಟಿಪ್ಸ್ ಕೊಡಲೇಬೇಕು ಎಂದು ಮಗಳು ಹೇಳುತ್ತಾಳೆ. ಊಟಕ್ಕೆ ದುಡ್ಡು ಕೊಟ್ಟ ಮೇಲೂ ಮತ್ತೆ ಯಾಕೆ ಕೊಡಬೇಕು? ಕೊಡದಿದ್ದರೆ ಏನಾಗುತ್ತದೆ?

ಉತ್ತರ: ಕೊಡದಿದ್ದರೆ ಯಾರೂ ಬಾಗಿಲಲ್ಲಿ ತಡೆದು ನಿಲ್ಲಿಸುವುದಿಲ್ಲ. ಕೊಡಲೇಬೇಕು ಎಂಬ ಕಾನೂನು ಇಲ್ಲ. ಆದರೂ ಮಗಳ ಮಾತು ಕೇಳಿ.

ನಮ್ಮಲ್ಲಿ ಟಿಪ್ಸ್ ಅಂದರೆ ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಪಕ್ಕ ಬಿಟ್ಟು ಬರುವ ಹತ್ತಿಪ್ಪತ್ತು ರೂಪಾಯಿ. ಬಿಲ್ಲು ಮುನ್ನೂರಾದರೂ ಅಷ್ಟೇ, ಆರುನೂರಾದರೂ ಹೆಚ್ಚುಕಡಿಮೆ ಅಷ್ಟೇ. ಪರ್ಸೆಂಟ್ ಲೆಕ್ಕ ಯಾರು ಹಾಕುತ್ತಾರೆ? ದರ್ಶಿನಿಯಲ್ಲಂತೂ ಆ ಮಾತೇ ಇಲ್ಲ. ಟೋಕನ್ ಕೊಟ್ಟು, ನಿಂತು ತಿಂದು, ಕೈ ತೊಳೆದು ಹೊರಡುತ್ತೇವೆ. ಕೊಟ್ಟರೆ ಸಪ್ಲೈಯರ್‌ಗೆ ಖುಷಿ, ಕೊಡದಿದ್ದರೂ ಅವನ ತಿಂಗಳ ಸಂಬಳ ಅವನಿಗೆ ಬರುತ್ತದೆ. ಟೆಕ್ಸಸ್‌ನಲ್ಲಿ ಹಾಗಲ್ಲ. ಅಲ್ಲಿ ಟಿಪ್ಸೇ ಸಂಬಳ.

ಲೆಕ್ಕ ನೋಡಿ. ಅಮೆರಿಕದ ಕೇಂದ್ರ ಸರ್ಕಾರ ನಿಗದಿ ಮಾಡಿರುವ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಇದು 2009ರಿಂದ ಬದಲಾಗಿಲ್ಲ. ಆದರೆ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ತನ್ನ ಗಲ್ಲಾದಿಂದ 2.13 ಡಾಲರ್ ಕೊಟ್ಟರೂ ಸಾಕು. ಉಳಿದ 5.12 ಡಾಲರ್ ಗಿರಾಕಿಯ ಜೇಬಿನಿಂದ ಬರುತ್ತದೆ ಎಂದು ಕಾನೂನೇ ಲೆಕ್ಕ ಹಿಡಿದಿದೆ. ಬರದಿದ್ದರೆ ಮಾಲೀಕ ತುಂಬಿಕೊಡಬೇಕು ಎಂಬ ನಿಯಮವೂ ಇದೆ, ಆದರೆ ಅದು ಎಲ್ಲ ಕಡೆ ಸರಿಯಾಗಿ ನಡೆಯುವುದಿಲ್ಲ. ಈ 2.13 ಎಂಬ ವಿಚಿತ್ರ ಅಂಕಿ ಬಂದಿದ್ದು 1991ರಲ್ಲಿ. ಆಗ ಕನಿಷ್ಠ ಕೂಲಿ 4.25 ಇತ್ತು, ಅದರ ಅರ್ಧ ಇದು. 1996ರಲ್ಲಿ ಕಾನೂನು ತಿದ್ದಿ ಈ ಅರ್ಧದ ನಂಟನ್ನು ಕಡಿದುಹಾಕಿದರು. ಕನಿಷ್ಠ ಕೂಲಿ ಆಮೇಲೆ ಏರಿತು, ಇದು ಮಾತ್ರ ಅಲ್ಲೇ ಕೂತಿದೆ.

ಎಲ್ಲ ರಾಜ್ಯದಲ್ಲೂ ಹೀಗಿಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂಥ ಏಳು ರಾಜ್ಯಗಳಲ್ಲಿ ಮಾಲೀಕ ಪೂರ್ತಿ ಕೂಲಿ ಕೊಡಲೇಬೇಕು. ತಮಾಷೆ ಅಂದರೆ ಅಲ್ಲೂ ಜನ ನೂರಕ್ಕೆ ಇಪ್ಪತ್ತು ಕೊಡುತ್ತಾರೆ. ರೂಢಿ ಒಮ್ಮೆ ಹತ್ತಿದರೆ ಬಿಡುವುದು ಕಷ್ಟ ಅಲ್ವಾ?

ಇನ್ನೊಂದು ತಮಾಷೆ. ಟಿಪ್ಸ್ ಅಮೆರಿಕದವರದ್ದೇ ಪದ್ಧತಿ ಏನಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪ್ ಸುತ್ತಿ ಬಂದ ಸಿರಿವಂತರು ತಂದ ಚಟ ಅದು. ನಮ್ಮಲ್ಲಿ ರಾಜರಿಲ್ಲ, ಸರದಾರರಿಲ್ಲ, ಈ ಭಕ್ಷೀಸು ಯಾಕೆ ಎಂದು ಅಲ್ಲಿನ ಬಹಳಷ್ಟು ಜನರಿಗೆ ಸಿಟ್ಟು ಬಂದಿತ್ತು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನೇ ನಿಷೇಧಿಸಿತು. ಇನ್ನೂ ಕೆಲವು ರಾಜ್ಯಗಳು ಅದೇ ದಾರಿ ಹಿಡಿದವು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ರದ್ದಾಗಿದ್ದವು.

ಟಿಪ್ಸ್ ಹೀಗೆ ಬೇರೂರಲು ಕಾರಣ ದುಡಿಸುವವರಿಗೆ ಅದರಿಂದಾದ ಲಾಭ. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಜಾರ್ಜ್ ಪುಲ್‌ಮನ್ ಎಂಬಾತ ತನ್ನ ಸ್ಲೀಪರ್ ರೈಲುಬೋಗಿಗಳಲ್ಲಿ ಹಾಸಿಗೆ ಹಾಸಲು, ಶೂ ಒರೆಸಲು, ಪೆಟ್ಟಿಗೆ ಹೊರಲು ಬಿಡುಗಡೆಯಾದ ಕರಿಯರನ್ನೇ ಇಟ್ಟುಕೊಂಡ. ಸಂಬಳ ತೀರಾ ಕಡಿಮೆ, ಹೊಟ್ಟೆಗೆ ಪ್ರಯಾಣಿಕರ ಟಿಪ್ಸೇ ಗತಿ. ಪ್ರಯಾಣಿಕರು ಅವರ ಹೆಸರನ್ನೂ ಕೇಳುತ್ತಿರಲಿಲ್ಲ. ಎಲ್ಲರನ್ನೂ ಮಾಲೀಕನ ಹೆಸರಿನಿಂದ ‘ಜಾರ್ಜ್’ ಎಂದೇ ಕರೆಯುತ್ತಿದ್ದರು. ಈ ಪೋರ್ಟರುಗಳು 1925ರಲ್ಲಿ ಸಂಘ ಕಟ್ಟಿದರು. ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳು. ಕಂಪನಿ ಕೂತು ಒಪ್ಪಂದಕ್ಕೆ ಸಹಿ ಹಾಕಿದ್ದು 1937ರಲ್ಲಿ, ಹನ್ನೆರಡು ವರ್ಷ ಕಳೆದ ಮೇಲೆ. ಆದರೆ ಹೋಟೆಲಿನಲ್ಲಿ ದುಡಿಯುವವರ ಪಾಲಿಗೆ ಹಳೇ ಪದ್ಧತಿಯೇ ಉಳಿಯಿತು. 1966ರಲ್ಲಿ ಅದು ಕನಿಷ್ಠ ಕೂಲಿಯ ಕಾನೂನಿನೊಳಗೇ ಬಂದು ಕೂತಿತು.

ನನ್ನನ್ನು ಕೇಳಿದರೆ ಇದು ಕೆಟ್ಟ ವ್ಯವಸ್ಥೆ. ಮಾಲೀಕ ಕೊಡಬೇಕಾದ ಕೂಲಿಯನ್ನು ಗಿರಾಕಿಯ ದಾಕ್ಷಿಣ್ಯಕ್ಕೆ ಬಿಟ್ಟಿದ್ದಾರೆ. ಆದರೆ ಆ ಸಿಟ್ಟನ್ನು ನಿಮ್ಮ ಟೇಬಲಿಗೆ ನೀರು ತಂದಿಟ್ಟ ಹುಡುಗಿಯ ಮೇಲೆ ತೀರಿಸಿಕೊಂಡರೆ ಮಾಲೀಕನಿಗೆ ಏನೂ ಆಗುವುದಿಲ್ಲ. ಎಷ್ಟೋ ಹೋಟೆಲುಗಳಲ್ಲಿ ಅವಳು ತನ್ನ ಟಿಪ್ಸ್‌ನಲ್ಲಿ ಟೇಬಲ್ ಒರೆಸುವವನಿಗೂ ಪಾಲು ಕೊಡಬೇಕು.

ಈಗ ಕೊಡುವ ಬಗೆ. ಇದರಲ್ಲಿ ನಾನೇ ಎಡವಿದ್ದೇನೆ. ಅಲ್ಲಿ ಕಾರ್ಡು ತೆಗೆದುಕೊಂಡು ಹೋಗಿ, ಒಂದು ಚೀಟಿ ತಂದುಕೊಡುವುದುಂಟು. ಅದರಲ್ಲಿ ಟಿಪ್ಸ್ ಎಂದು ಒಂದು ಖಾಲಿ ಸಾಲು, ಕೆಳಗೆ ಒಟ್ಟು ಎಂದು ಇನ್ನೊಂದು. ಎರಡನ್ನೂ ನೀವೇ ಬರೆದು ಸಹಿ ಹಾಕಬೇಕು. ನಾನು ಮೊದಲ ಸಲ ಸುಮ್ನೆ ಸಹಿ ಹಾಕಿ ಎದ್ದುಬಂದೆ. ಖಾಲಿ ಬಿಟ್ಟರೆ ಸೊನ್ನೆ ಎಂದೇ ಅರ್ಥ. ಕಾರಿನಲ್ಲಿ ಕೂತ ಮೇಲೆ ಅದು ಗೊತ್ತಾಗಿ ತಮ್ಮ ವಾಪಸ್ ಓಡಿದ.

ಊಟದ ಬಿಲ್ಲು 60 ಡಾಲರ್ ಆಗಿ, 8.25 ಪರ್ಸೆಂಟ್ ತೆರಿಗೆ ಸೇರಿದರೆ 64.95. ಟಿಪ್ಸನ್ನು ತೆರಿಗೆ ಸೇರುವ ಮುಂಚಿನ 60ರ ಮೇಲೆ ಲೆಕ್ಕ ಹಾಕಿ: ಇಪ್ಪತ್ತು ಪರ್ಸೆಂಟ್ ಅಂದರೆ 12. ಒಟ್ಟು 76.95. ಹದಿನೆಂಟು ಪರ್ಸೆಂಟ್ ಕೊಟ್ಟರೂ ಯಾರೂ ಮುಖ ಸಿಂಡರಿಸುವುದಿಲ್ಲ. ಬಫೆಯಲ್ಲಿ ನೀವೇ ಬಡಿಸಿಕೊಂಡಿದ್ದರೆ ಹತ್ತು ಸಾಕು. ಆರು ಜನಕ್ಕಿಂತ ಜಾಸ್ತಿ ಹೋದರೆ ಬಿಲ್ಲನ್ನು ಸರಿಯಾಗಿ ನೋಡಿ. ಅದರಲ್ಲಿ ‘ಗ್ರ್ಯಾಚುಯಿಟಿ’ ಎಂದು ಬರೆದಿದ್ದರೆ ಟಿಪ್ಸ್ ಆಗಲೇ ಸೇರಿದೆ. ನಮಗೆ ಆ ಪದ ಕೇಳಿದರೆ ರಿಟೈರ್ ಆದಾಗ ಬರುವ ದುಡ್ಡು ನೆನಪಾಗುತ್ತದೆ, ಹಾಗಾಗಿ ಎಷ್ಟೋ ಜನ ಗೊತ್ತಾಗದೆ ಎರಡೆರಡು ಸಲ ಕೊಟ್ಟು ಬರುತ್ತಾರೆ. ಕೌಂಟರಿನಲ್ಲಿ ಕಾಫಿ ಕೊಟ್ಟು ಟಿಪ್ಸ್ ಕೇಳುವ ಸ್ಕ್ರೀನ್ ತಿರುಗಿಸಿದರೆ ಮಾತ್ರ ಧೈರ್ಯವಾಗಿ ‘ಬೇಡ’ ಒತ್ತಿ.

ಹೋಗುವ ದಾರಿಯಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಒಂದು ದಿನ ಉಳಿದರೆ ಇಷ್ಟು ತಲೆಬಿಸಿ ಇಲ್ಲ. ಜರ್ಮನ್ ಭಾಷೆಯಲ್ಲಿ ಟಿಪ್ಸಿಗಿರುವ ಪದದ ಅರ್ಥವೇ ‘ಕುಡಿಯುವ ದುಡ್ಡು’. ನಮ್ಮ ‘ಕಾಫಿಗೆ ಏನಾದರೂ ಕೊಡಿ ಸಾರ್’ ಇದ್ದ ಹಾಗೆ. 18.40 ಯೂರೋ ಬಿಲ್ಲಾದರೆ ‘ಇಪ್ಪತ್ತು’ ಎಂದು ಬಾಯಲ್ಲೇ ಹೇಳಿ ಕೊಡುತ್ತಾರೆ, ಟೇಬಲಿನ ಮೇಲೆ ಬಿಟ್ಟು ಬರುವ ರೂಢಿ ಕಡಿಮೆ. ಫ್ರಾನ್ಸ್‌ನಲ್ಲಿ ಬಡಿಸುವ ಖರ್ಚು ಮೆನುವಿನ ಬೆಲೆಯಲ್ಲೇ ಸೇರಿರುತ್ತದೆ. ಜಪಾನಿನಲ್ಲಂತೂ ಚಿಲ್ಲರೆ ಬಿಟ್ಟುಬಂದರೆ, ಮರೆತು ಹೋಗಿದ್ದೀರಿ ಎಂದು ಹಿಂದೆಯೇ ತಂದುಕೊಟ್ಟರೂ ಕೊಟ್ಟರೇ.

ವಾಪಸ್ ಬಂದ ಮೇಲೆ ಬೆಂಗಳೂರಿನ ಯಾವುದಾದರೂ ರೆಸ್ಟೋರೆಂಟಿನ ಬಿಲ್ಲಿನಲ್ಲಿ 10 ಪರ್ಸೆಂಟ್ ಸರ್ವೀಸ್ ಚಾರ್ಜ್ ಕಂಡರೆ ಅದನ್ನು ತೆಗೆಸಬಹುದು. ತಾವಾಗಿಯೇ ಸೇರಿಸುವಂತಿಲ್ಲ ಎಂದು 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತೆಗೆಸಿದ ಮೇಲೆ ಬಡಿಸಿದವನ ಕೈಗೇ ಒಂದು ನೋಟು ಕೊಡಿ. ಅವನಿಗೆ ಬರಬೇಕಾದದ್ದು ಅವನಿಗೇ ಸೇರುತ್ತದೆ.