ಗಡುಸಾದ ರಬ್ಬರ್, ಬಿಡದ ಕಾರ್ಬೊರೇಟರ್

ಬಳ್ಳಾರಿ, ರಾಯಚೂರು, ಕೊಪ್ಪಳದ ಊರುಗಳಲ್ಲಿ ಹಳೆಯ ಯಮಹಾ ಆರ್‌ಎಕ್ಸ್ 100 ಗಾಡಿಗಳನ್ನು ಜೋಪಾನವಾಗಿ ಇಟ್ಟುಕೊಂಡವರು ಇಂದಿಗೂ ಇದ್ದಾರೆ. 1996ರಲ್ಲಿ ತಯಾರಿಕೆ ನಿಂತ ಈ ಗಾಡಿಯಲ್ಲಿ ಸಿಲಿಂಡರ್ ಸವೆದರೆ ಬೋರ್ ಮಾಡಿಸಬಹುದು, ಬೇರಿಂಗ್ ಹೋದರೆ ಬದಲಿಸಬಹುದು. ಆದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರನ್ನು ಎರಡೂ ಕಡೆಯಿಂದ ಹಿಡಿದಿರುವ ರಬ್ಬರ್ ಭಾಗಗಳು, ಅಂದರೆ ಎಂಜಿನ್ ಬದಿಯ ಇನ್‌ಲೆಟ್ ರಬ್ಬರ್ ಮತ್ತು ಏರ್ ಫಿಲ್ಟರ್‌ನಿಂದ ಬರುವ ಕೊಳವೆ, ಯಾರ ಗಮನಕ್ಕೂ ಬಾರದೆ ಗಡುಸಾಗುತ್ತವೆ. ವರ್ಷಗಟ್ಟಲೆ ಬಿಚ್ಚದ ಗಾಡಿಯಲ್ಲಿ ರಬ್ಬರನ್ನು ಬಿಗಿದಿಡುವ ಲೋಹದ ಪಟ್ಟಿಯ, ಅಂದರೆ ಕ್ಲಾಂಪಿನ, ಸ್ಕ್ರೂ ಪೂರ್ತಿ ಸಡಿಲಿಸಿದರೂ ಕಾರ್ಬೊರೇಟರ್ ಅಲುಗದಿರುವುದಕ್ಕೆ ಕಾರಣ ಅಲ್ಲಿದೆ.

ರಬ್ಬರ್ ಎಂಬುದು ಬಹಳ ಉದ್ದದ ಅಣುಸರಪಳಿಗಳ ರಾಶಿ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡಂತೆ, ಗಂಧಕ ಬೆರೆಸಿ ಕಾಯಿಸಿದಾಗ ಈ ಸರಪಳಿಗಳ ನಡುವೆ ಅಲ್ಲಲ್ಲಿ ಬೆಸುಗೆ ಬಿದ್ದು, ಮೀನುಬಲೆಯ ಗಂಟುಗಳು ದಾರಗಳನ್ನು ಹಿಡಿದಿಡುವಂತೆ ಇಡೀ ರಾಶಿಯನ್ನು ಹಿಡಿದಿಡುತ್ತವೆ. ಗಂಟುಗಳು ದೂರದೂರ ಇರುವಷ್ಟು ಕಾಲ ರಬ್ಬರ್ ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುತ್ತದೆ. ಪೆಟ್ರೋಲ್ ತಗಲುವ ಭಾಗಗಳಿಗೆ ಹೆಚ್ಚಾಗಿ ಬಳಸುವ ನೈಟ್ರೈಲ್ ರಬ್ಬರಿನಲ್ಲಿ ಶಾಖ ಮತ್ತು ಆಮ್ಲಜನಕ ಸೇರಿ ಹೊಸ ಹೊಸ ಗಂಟುಗಳನ್ನು ಹಾಕುತ್ತಲೇ ಹೋಗುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ, ಬಿಸಿಲಿನಲ್ಲೇ ನಿಲ್ಲುವ ಗಾಡಿಯ ಎಂಜಿನ್ ಪಕ್ಕದ ರಬ್ಬರ್ ಬೇಗ ಮುಪ್ಪಾಗುವುದು ಸಹಜವೇ. ಇದರ ಜೊತೆಗೆ, ಮೆದುವಾಗಿರಲೆಂದು ತಯಾರಿಕೆಯಲ್ಲಿ ಬೆರೆಸಿದ ಎಣ್ಣೆಯಂಥ ದ್ರವಗಳನ್ನು ಪೆಟ್ರೋಲ್ ನಿಧಾನವಾಗಿ ಹೀರಿ ತೆಗೆಯುತ್ತದೆ. ಪೆಟ್ರೋಲಿಗೆ ಈಗ ಬೆರೆಸುತ್ತಿರುವ ಎಥನಾಲ್ ಹಳೆಯ ರಬ್ಬರಿಗೆ ಇನ್ನಷ್ಟು ಕಷ್ಟ ಕೊಡುತ್ತದೆ.

ಬಿಡದ ಕಾರ್ಬೊರೇಟರಿನ ಅಡಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅದರ ಮೈ ಎರಕದ ಮಿಶ್ರಲೋಹ. ಅಂಚು ಒಮ್ಮೆ ಸಿಡಿದರೆ ಹಳೆಯ ಗಾಡಿಗೆ ಅದೇ ಅಳತೆಯ ಅಸಲಿ ಭಾಗ ಹುಡುಕುವುದು ಸುಲಭವಲ್ಲ. ಪೆಟ್ರೋಲ್ ಕಾಕ್ ಮುಚ್ಚಿ, ಕೆಳಗಿನ ಬಟ್ಟಲಿನ ಪೆಟ್ರೋಲನ್ನು ಪೂರ್ತಿ ಬಸಿದು, ಕುದಿಯುವ ನೀರಿನಲ್ಲಿ ಅದ್ದಿದ ದಪ್ಪ ಬಟ್ಟೆಯನ್ನು ಇಕ್ಕಳದಿಂದ ಎತ್ತಿ ರಬ್ಬರಿನ ಸುತ್ತ ಸುತ್ತಬೇಕು. ಬಿಸಿಗೆ ಅಣುಸರಪಳಿಗಳ ಚಲನೆ ಹೆಚ್ಚಿ, ಗಡುಸಾದ ರಬ್ಬರೂ ಸ್ವಲ್ಪ ಹೊತ್ತು ಬಾಗುತ್ತದೆ. ಆಗ ಕಾರ್ಬೊರೇಟರನ್ನು ನೇರವಾಗಿ ಎಳೆಯದೆ, ಎಡಕ್ಕೂ ಬಲಕ್ಕೂ ತಿರುಚುತ್ತ ಮೊದಲು ಅಂಟು ಬಿಡಿಸಬೇಕು, ಅನಂತರ ಹಿಂದಕ್ಕೆ ಸರಿಸಬೇಕು. ಬೆಂಕಿಯ ಜ್ವಾಲೆಯನ್ನಂತೂ ಹತ್ತಿರ ತರಲೇಬಾರದು, ಏಕೆಂದರೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನ ಆವಿ ಹೊತ್ತಿಕೊಳ್ಳಬಲ್ಲದು.

ಬಿಚ್ಚಿದ ರಬ್ಬರನ್ನು ಮೆದುಗೊಳಿಸಲು ಹಳೆಯ ಗಾಡಿಗಳ ಪ್ರಿಯರು ಬಳಸುವುದು ವಿಂಟರ್‌ಗ್ರೀನ್ ಎಣ್ಣೆ. ಮೈಕೈ ನೋವಿನ ಮುಲಾಮುಗಳಲ್ಲಿ ಮೂಗಿಗೆ ಅಡರುವ ಮೀಥೈಲ್ ಸ್ಯಾಲಿಸಿಲೇಟ್ ಎಂಬ ವಸ್ತುವೇ ಇದರಲ್ಲಿದೆ. ಒಂದು ಪಾಲು ಎಣ್ಣೆಗೆ ಮೂರು ಪಾಲು ಜೈಲೀನ್ ಎಂಬ ದ್ರಾವಕ ಬೆರೆಸಿ, ರಬ್ಬರನ್ನು ಅದರಲ್ಲಿ ಮುಳುಗಿಸಿಟ್ಟು, ಕೆಲವು ಗಂಟೆಗಳಿಗೊಮ್ಮೆ ತೆಗೆದು ಬಾಗಿಸಿ ನೋಡುತ್ತಿರಬೇಕು. ಅತಿಯಾಗಿ ನೆನೆದರೆ ಅದು ಉಬ್ಬಿ ಅಳತೆ ತಪ್ಪುತ್ತದೆ. ಈ ಕೆಲಸ ಬಯಲಿನಲ್ಲಿ, ಕೈಗವಸು ಹಾಕಿಕೊಂಡೇ ಆಗಬೇಕು. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್, ವಿಂಟರ್‌ಗ್ರೀನ್ ಎಣ್ಣೆಯಲ್ಲಿ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮನಾದ ವಿಷವಿದೆ, ಮಗುವಿನ ಪ್ರಾಣಕ್ಕೆ ಎರವಾಗಲು ಅಷ್ಟು ಸಾಕು. ಹಾಗಾಗಿ ಅದನ್ನು ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಿಡಬಾರದು.

ಈ ದ್ರವ ಸರಪಳಿಗಳ ನಡುವೆ ನುಸುಳಿ ಅವು ಜಾರುವಂತೆ ಮಾಡುತ್ತದೆ, ಹೊಸದಾಗಿ ಬಿದ್ದ ಗಂಟುಗಳನ್ನು ಬಿಚ್ಚುವುದಿಲ್ಲ. ದ್ರವ ಆರಿದಂತೆ ಗಡಸುತನ ಮರಳುತ್ತದೆ. ಆದ್ದರಿಂದ, ಬದಲಿ ಭಾಗ ಸಿಗದಿದ್ದಾಗ ಬಿರುಕಿಲ್ಲದ ರಬ್ಬರನ್ನು ಮತ್ತೆ ಜೋಡಿಸುವಷ್ಟು ಮೆದು ಮಾಡಲು ಮಾತ್ರ ಇದು ಯೋಗ್ಯ ಎಂಬುದು ನನ್ನ ಅಭಿಪ್ರಾಯ.

ಬಿರುಕು ನೋಡಬೇಕಾದದ್ದು ಕ್ಲಾಂಪ್ ಕಚ್ಚಿದ ಗೆರೆಯ ಪಕ್ಕದಲ್ಲಿ. ಹಿಗ್ಗಿ ಬಿಗಿದುಕೊಂಡ ರಬ್ಬರನ್ನು ಗಾಳಿಯ ಓಝೋನ್ ಅಲ್ಲೇ ಮೊದಲು ಸೀಳುತ್ತದೆ. ಕೊಳವೆಯನ್ನು ಬಾಗಿಸಿದರೆ ಕೂದಲೆಳೆಯ ಸೀಳುಗಳು ಬಾಯಿ ಬಿಡುತ್ತವೆ. ಏರ್ ಫಿಲ್ಟರ್ ಬದಿಯ ಕೊಳವೆ ಸೀಳಿದ್ದರೆ ಒಳಗೋಡೆಯ ಮೇಲೆ ಕೆಂಪು ಧೂಳಿನ ಗೆರೆ ಎಳೆದಿರುತ್ತದೆ. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಓಡುವ ಗಾಡಿಗೆ ಇದು ದೊಡ್ಡ ಅಪಾಯ, ಏಕೆಂದರೆ ಫಿಲ್ಟರ್ ತಪ್ಪಿಸಿ ಒಳಹೋದ ಗಟ್ಟಿ ಕಣಗಳು ಪಿಸ್ಟನ್ನನ್ನೂ ಸಿಲಿಂಡರನ್ನೂ ಉಜ್ಜಿ ಸವೆಸುತ್ತವೆ. ಎಂಜಿನ್ ಬದಿಯ ರಬ್ಬರ್ ಸೀಳಿದ್ದರೆ ಬೇರೆ ತೊಂದರೆ: ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಸಾಕು, ಅದಕ್ಕಿಂತ ಹೆಚ್ಚು ಗಾಳಿ ನುಸುಳಿದಾಗ ಎಂಜಿನ್ ವಿಪರೀತ ಕಾದು ಪಿಸ್ಟನ್ ಸಿಲಿಂಡರಿನೊಳಗೆ ಸಿಕ್ಕಿಕೊಂಡು ಸೀಜ್ ಆಗಬಹುದು. ಇಂಥ ಸೀಳಿಗೆ ಅಂಟು, ಟೇಪುಗಳ ಉಪಚಾರ ಬೇಡ, ಹೊಸ ರಬ್ಬರನ್ನೇ ಹಾಕಬೇಕು.

ಮರಳಿ ಜೋಡಿಸುವಾಗ ರಬ್ಬರಿನ ಬಾಯಂಚಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿದರೆ ಮುಂದಿನ ಸಲ ಬಿಚ್ಚುವುದು ಹಗುರವಾಗುತ್ತದೆ. ಕ್ಲಾಂಪ್ ಬಿಗಿದು, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಇನ್‌ಲೆಟ್ ರಬ್ಬರಿನ ಸುತ್ತ ಸೋಪಿನ ನೀರು ಚಿಮುಕಿಸಬೇಕು. ಎಂಜಿನ್ ಸದ್ದು ತಟಕ್ಕನೆ ಬದಲಾದರೆ ಅಲ್ಲಿ ಇನ್ನೂ ಗಾಳಿ ಎಳೆಯುತ್ತಿದೆ ಎಂದರ್ಥ.